ಮೈ ನೋಡುವ ಮುಂಚೆ ಕಾಲು ನೋಡಿ: ಕ್ವಾರ್ಟರ್ ಹಾರ್ಸ್ ಬಗ್ಗೆ ನನ್ನ ಮಾತು

ಕ್ವಾರ್ಟರ್ ಹಾರ್ಸ್ ಅನ್ನುವ ಅಮೆರಿಕದ ಕುದುರೆ ತಳಿ ಸಾಕುವವರ ನಡುವೆ ಮುಗಿಯದ ಜಗಳ ಒಂದಿದೆ. ಹಳೇ ಮಾದರಿಯ ಮೈಕಟ್ಟು ಒಳ್ಳೆಯದಾ, ಈಗಿನದಾ ಅಂತ. ಟೆಕ್ಸಸ್‌ನಲ್ಲಿ ನೆಲೆಸಿ, ಫೋರ್ಟ್ ವರ್ತ್‌ನ ಪಶ್ಚಿಮಕ್ಕೆ ಒಬ್ಬರ ಲಾಯದಲ್ಲಿ ನಮ್ಮದೂ ಒಂದು ಹೆಣ್ಣು ಕುದುರೆ ಇಟ್ಟ ಮೇಲೆ ಈ ಜಗಳ ಕಿವಿಗೆ ಬೀಳದ ವಾರವೇ ಇಲ್ಲ. ನಾನು ಹಳೇ ಮಾದರಿಯ ಪರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಹಳೇ ಮಾದರಿಯವರು ಕೊಡುವ ಕಾರಣಗಳಲ್ಲಿ ಅರ್ಧದಷ್ಟನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಕಡೆಯವರಿಗೆ ಕುದುರೆ ಅಂದ ತಕ್ಷಣ ಬೆಂಗಳೂರಿನ ರೇಸ್‌ಕೋರ್ಸು, ಕುಣಿಗಲ್ ಸ್ಟಡ್ ಫಾರ್ಮು ನೆನಪಾಗುತ್ತದೆ. ಅಲ್ಲಿರುವುದು ಥರೋಬ್ರೆಡ್. ಉದ್ದ ಕಾಲು, ತೆಳು ಹೊಟ್ಟೆ, ಒಂದು ಮೈಲಿಗಿಂತ ದೂರ ಓಡಲೂ ದಮ್ಮು ಇರುವ ತಳಿ. ಕ್ವಾರ್ಟರ್ ಹಾರ್ಸ್ ಬೇರೆ. ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್, ಅಷ್ಟರೊಳಗೆ ಎಲ್ಲರನ್ನೂ ಹಿಂದೆ ಹಾಕುವ ಕುದುರೆ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ ವರ್ಜೀನಿಯಾ ಕಡೆ ಊರ ಬೀದಿಯಲ್ಲೇ, ಕಾಡು ಕಡಿದು ಮಾಡಿದ ನೇರ ದಾರಿಯಲ್ಲೇ ಈ ಓಟ ನಡೆಯುತ್ತಿತ್ತು. ಸ್ಪೇನಿನವರು ತಂದಿದ್ದ ಕುದುರೆಗಳ ಸಂತತಿಯನ್ನು ಚಿಕಸಾ ಬುಡಕಟ್ಟಿನವರು ಬೆಳೆಸಿದ್ದರು. ಅದಕ್ಕೆ ಇಂಗ್ಲೆಂಡಿನ ರಕ್ತ ಸೇರಿತು. ಆಮೇಲೆ ಜನ ಪಶ್ಚಿಮಕ್ಕೆ ಗುಳೆ ಹೊರಟಾಗ ಇವೂ ಜೊತೆಗೆ ಹೊರಟವು. ಟೆಕ್ಸಸ್‌ಗೆ ಬಂದು ಸೇರಿದ ಮೇಲೆ ಓಟದ ಜೊತೆಗೆ ದನ ಕಾಯುವ ಕೆಲಸವೂ ಬೆನ್ನಿಗೆ ಬಿತ್ತು.

ಹಳೇ ಮೈಕಟ್ಟು ಹುಟ್ಟಿದ್ದು ಆ ಕೆಲಸದಲ್ಲಿ. ಒಂದು ಹೋರಿ ತಪ್ಪಿಸಿಕೊಂಡು ಓಡಿದರೆ ನಿಂತಲ್ಲಿಂದಲೇ ನೆಗೆದು ಹಿಡಿಯಬೇಕು. ಅದಕ್ಕೆ ಹಿಂದಿನ ತೊಡೆಯಲ್ಲಿ ಬಲ ಬೇಕು. ಹಗ್ಗ ಹಾಕಿದ ಮೇಲೆ ಹೋರಿಯ ಎಳೆತವನ್ನು ಜೀನಿನ ಗೂಟದಲ್ಲಿ ತಡೆದು ನಿಲ್ಲಬೇಕು. ಅದಕ್ಕೆ ಗಿಡ್ಡ ಬೆನ್ನು, ಅಗಲ ಎದೆ ಬೇಕು. ಬೆಳಗಿನಿಂದ ಸಂಜೆಯವರೆಗೆ ಕಲ್ಲು ಮುಳ್ಳಿನ ನೆಲದಲ್ಲಿ ನಡೆಯಬೇಕು. ಅದಕ್ಕೆ ದಪ್ಪ ಮೂಳೆ, ಗಟ್ಟಿ ಗೊರಸು ಬೇಕು. ಮರುದಿನ ಮತ್ತೆ ಅದೇ ಕೆಲಸ, ಹಾಗಾಗಿ ತಲೆ ತಣ್ಣಗಿರಬೇಕು. ಎತ್ತರ ಹೆಗಲ ಹತ್ತಿರ ಅಳೆದರೆ ಐದಡಿಯೊಳಗೆ, ತೂಕ 450ರಿಂದ 550 ಕಿಲೋ. ಸಣ್ಣ ಕಿವಿ, ದಪ್ಪ ದವಡೆ, ಶಾಂತ ಕಣ್ಣು. ದೂರದಿಂದ ನೋಡಿದರೆ ಗಿಡ್ಡ ಕುದುರೆ ಅನ್ನಿಸುತ್ತದೆ. ಹತ್ತಿರ ಹೋದಾಗಲೇ ಅದರ ಅಗಲ ಗೊತ್ತಾಗೋದು.

19ನೇ ಶತಮಾನದ ನಡುವಿನಲ್ಲಿ ಟೆಕ್ಸಸ್‌ನಲ್ಲಿ ಹೆಸರು ಮಾಡಿದ ಸ್ಟೀಲ್ ಡಸ್ಟ್ ಅನ್ನುವ ಗಂಡು ಕುದುರೆಯಿಂದಾಗಿ ಈ ಬಗೆಯ ಕುದುರೆಗಳನ್ನೆಲ್ಲ ಜನ ಸ್ಟೀಲ್‌ಡಸ್ಟ್ ಅಂತಲೇ ಕರೆಯುತ್ತಿದ್ದರು. ನೋಂದಣಿಯ ಪೇಪರ್ರು, ನಂಬರು ಎಲ್ಲ ಬಂದದ್ದು 1940ರಲ್ಲಿ, ಫೋರ್ಟ್ ವರ್ತ್‌ನಲ್ಲಿ ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ ಶುರುವಾದ ಮೇಲೆ. ಮೊದಲ ನಂಬರನ್ನು ಖಾಲಿ ಇಟ್ಟಿದ್ದರು. 1941ರ ಫೋರ್ಟ್ ವರ್ತ್ ಪ್ರದರ್ಶನದಲ್ಲಿ ಗೆದ್ದ ಗಂಡಿಗೆ ಅದನ್ನು ಕೊಡುವುದು ಅಂತ. ಗೆದ್ದಿದ್ದು ಟೆಕ್ಸಸ್‌ನ ದೊಡ್ಡ ದನದ ಫಾರ್ಮು ಕಿಂಗ್ ರಾಂಚ್‌ನ ವಿಂಪಿ. ಹಾಗಾಗಿ ವಿಂಪಿ ಪಿ-1.

ಹಳೇ ಮಾದರಿಯವರು ಹೇಳದೆ ಬಿಡುವ ಒಂದು ಸಂಗತಿ ಇಲ್ಲಿದೆ. ಆ ಕಾಲದಲ್ಲೂ ಎಲ್ಲರೂ ಒಂದೇ ಮೈಕಟ್ಟನ್ನು ಒಪ್ಪಿರಲಿಲ್ಲ. ಒಂದು ಗುಂಪಿಗೆ ಗಿಡ್ಡಗೆ ದಪ್ಪಗೆ ಇರುವ ಕುದುರೆ ಬೇಕಿತ್ತು. ಅದಕ್ಕೆ ಬುಲ್‌ಡಾಗ್ ಅಂತಲೇ ಹೆಸರು. ಓಟದ ಕಡೆಯವರಿಗೆ ಸ್ವಲ್ಪ ಉದ್ದ ಕಾಲಿನ, ಥರೋಬ್ರೆಡ್ ರಕ್ತ ಇರುವ ಕುದುರೆ ಬೇಕಿತ್ತು. ಜಗಳ ಎಷ್ಟಿತ್ತು ಅಂದರೆ ಬೇರೆ ಬೇರೆ ಸಂಘಗಳೇ ಆದವು. 1940ರ ದಶಕ ಮುಗಿಯುವ ಹೊತ್ತಿಗೆ ರಾಜಿಯಾಗಿ ಒಂದಾದರು. ಅಂದರೆ ಈಗ ನಾವು ಹಳೇ ಶುದ್ಧ ಮಾದರಿ ಅಂತ ತಲೆ ಮೇಲೆ ಹೊತ್ತುಕೊಳ್ಳುತ್ತಿರುವುದು ಕೂಡ ಅವತ್ತಿನ ಒಂದು ಗುಂಪಿನ ಇಷ್ಟ ಅಷ್ಟೇ. ಎರಡು ಬಗೆಯ ಕುದುರೆಗಳೂ ಬೆವರು ಸುರಿಸಿ ಕೆಲಸ ಮಾಡುತ್ತಿದ್ದವು. ನನಗೆ ಮುಖ್ಯ ಅನ್ನಿಸುವುದು ಅದು.

ರಾಜಿಯಾದ ಮೇಲೆ ಥರೋಬ್ರೆಡ್ ರಕ್ತಕ್ಕೆ ಬಾಗಿಲು ತೆರೆದೇ ಇತ್ತು. ಈಗಲೂ ತೆರೆದಿದೆ. ಥರೋಬ್ರೆಡ್ ಜೊತೆ ಕೂಡಿಸಿ ಹುಟ್ಟಿದ ಮರಿ ಅಪೆಂಡಿಕ್ಸ್ ಅನ್ನುವ ಪಟ್ಟಿಗೆ ಸೇರುತ್ತದೆ. ಸ್ಪರ್ಧೆಯಲ್ಲಿ ಸಾಧನೆ ತೋರಿಸಿದರೆ ಪೂರ್ತಿ ಕ್ವಾರ್ಟರ್ ಹಾರ್ಸ್ ಆಗಬಹುದು. ಆ ಬಾಗಿಲಲ್ಲಿ ಒಳಗೆ ಬಂದವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ತ್ರೀ ಬಾರ್ಸ್. 1940ರಲ್ಲಿ ಹುಟ್ಟಿದ ಥರೋಬ್ರೆಡ್. ಅವನ ಮಗ ಲೈಟ್ನಿಂಗ್ ಬಾರ್. ಲೈಟ್ನಿಂಗ್ ಬಾರ್‌ನ ಮಗ ಡಾಕ್ ಬಾರ್. ಅದೇ ಲೈಟ್ನಿಂಗ್ ಬಾರ್‌ನ ಮಗಳ ಹೊಟ್ಟೆಯಲ್ಲಿ ಹುಟ್ಟಿದ್ದು ಇಂಪ್ರೆಸಿವ್. ಡಾಕ್ ಬಾರ್, ಇಂಪ್ರೆಸಿವ್, ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಒಂದೇ ಮನೆತನದ ಈ ಎರಡು ಗಂಡುಗಳಿಂದ ಇಡೀ ತಳಿಯೇ ಎರಡು ದಿಕ್ಕಿಗೆ ಹೊರಟಿತು. ಹಾಗಿದ್ದ ಮೇಲೆ ಎಲ್ಲ ಕೆಟ್ಟದ್ದೂ ಥರೋಬ್ರೆಡ್ ರಕ್ತದಿಂದಲೇ ಬಂತು ಅನ್ನುವ ವಾದ ನಿಲ್ಲುವುದಿಲ್ಲ, ಅಲ್ವಾ?

ಡಾಕ್ ಬಾರ್ ಹುಟ್ಟಿದ್ದು 1956ರಲ್ಲಿ, ಅರಿಜೋನಾದಲ್ಲಿ. ಓಟಕ್ಕೆ ಅಂತ ಸಾಕಿದ್ದರು. ನಾಲ್ಕು ಓಟ ಓಡಿ ಗಳಿಸಿದ್ದು ಒಟ್ಟು 95 ಡಾಲರ್. ಆಮೇಲೆ ಪ್ರದರ್ಶನದಲ್ಲಿ ಚೆಲುವಿಗೆ ಬಹುಮಾನ ಗೆದ್ದ. ಕೊನೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿ ದನದ ಕೆಲಸದ ರಕ್ತವಿದ್ದ ಹೆಣ್ಣು ಕುದುರೆಗಳ ಜೊತೆ ಕೂಡಿಸಿದಾಗ ಹುಟ್ಟಿದ ಮರಿಗಳು ಕಟಿಂಗ್ ಆಟವನ್ನೇ ಬದಲಾಯಿಸಿಬಿಟ್ಟವು. ಈಗ ಕಟಿಂಗ್ ಅಖಾಡದಲ್ಲಿ ಅವನ ರಕ್ತ ಇಲ್ಲದ ಕುದುರೆ ಹುಡುಕುವುದೇ ಕಷ್ಟ.

ಕಟಿಂಗ್ ನೋಡದವರಿಗೆ ಒಂಚೂರು ಹೇಳಬೇಕು. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಫೋರ್ಟ್ ವರ್ತ್‌ನ ವಿಲ್ ರೋಜರ್ಸ್ ಕಾಲಿಸಿಯಂನಲ್ಲಿ ಮೂರು ವರ್ಷದ ಕುದುರೆಗಳ ದೊಡ್ಡ ಸ್ಪರ್ಧೆ ನಡೆಯುತ್ತದೆ. ಒಬ್ಬರಿಗೆ ಎರಡೂವರೆ ನಿಮಿಷ. ಸವಾರ ನಿಧಾನವಾಗಿ ದನದ ಹಿಂಡಿನೊಳಗೆ ಹೋಗಿ ಒಂದನ್ನು ಬೇರೆ ಮಾಡಿ ಹೊರಗೆ ತರುತ್ತಾನೆ. ತಂದ ಮೇಲೆ ಲಗಾಮಿನ ಕೈಯನ್ನು ಕುದುರೆಯ ಕುತ್ತಿಗೆ ಮೇಲೆ ಇಳಿಸಿಬಿಡುತ್ತಾನೆ. ಅಲ್ಲಿಂದ ಮುಂದೆ ಎಲ್ಲ ಕುದುರೆಯದೇ. ದನಕ್ಕೆ ಹಿಂಡಿಗೆ ವಾಪಸ್ ಹೋಗುವ ಆತುರ. ಕುದುರೆ ಮುಂಗಾಲು ಅಗಲಿಸಿ, ಎದೆ ನೆಲಕ್ಕೆ ತಾಗುವ ಹಾಗೆ ಕುಗ್ಗಿ, ದನದ ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲುತ್ತದೆ. ದನ ಎಡಕ್ಕೆ ಹೊರಟರೆ ಇದು ಹಿಂದಿನ ಮೊಣಕಾಲಿನ ಮೇಲೆ ಕೂತು ತಿರುಗಿ ಎಡಕ್ಕೆ ಇರುತ್ತದೆ. ಬಲಕ್ಕೆ ಅಂದರೆ ಬಲಕ್ಕೆ. ಮಣ್ಣು ಮೊದಲ ಸಾಲಿನ ಬೇಲಿಯವರೆಗೆ ಹಾರುತ್ತದೆ. ಸವಾರ ಬೀಳದೆ ಕೂತಿರುವುದೇ ದೊಡ್ಡದು. ಮೊದಲ ಸಲ ನೋಡಿದಾಗ ನನಗೆ ಗಂಟಲು ಕಟ್ಟಿತು.

ಈ ಕುದುರೆಗಳು ಹಳೇ ಮಾದರಿಯ ಹಾಗೆಯೇ ಇವೆಯಾ ಅಂದರೆ, ಇಲ್ಲ. ಇನ್ನೂ ಸಣ್ಣವು, ಇನ್ನೂ ಹಗುರ. ಹಿಂಗಾಲು ಕೆಳಗಿಳಿದ ಹಾಗೆ ಇರುತ್ತವೆ, ದನದ ವಾಸನೆ ಬಂದರೆ ಸಾಕು ಮೈಯೆಲ್ಲ ಕರೆಂಟು. ಭಾರಿ ಹೋರಿಗೆ ಹಗ್ಗ ಹಾಕಿ ಎಳೆದು ನಿಲ್ಲಿಸಲು ಇವನ್ನು ನಾನು ಆರಿಸುವುದಿಲ್ಲ. ಆದರೆ ಇದು ಕೆಲಸ ಕೇಳಿದ ಮೈ. ಎರಡೂವರೆ ನಿಮಿಷದಲ್ಲಿ ಸುಳ್ಳು ಹೇಳಲು ಆಗದ ಮೈ. ಇದನ್ನು ಹೊಸ ಮಾದರಿ ಅಂತ ದೂರುವುದು ತಪ್ಪು.

ಓಟದವು ಬೇರೆಯೇ ದಾರಿ ಹಿಡಿದವು. ನ್ಯೂ ಮೆಕ್ಸಿಕೋದ ರುಯಿಡೋಸೋ ಡೌನ್ಸ್‌ನಲ್ಲಿ 1959ರಲ್ಲಿ ಆಲ್ ಅಮೆರಿಕನ್ ಫ್ಯೂಚ್ಯುರಿಟಿ ಓಟ ಶುರುವಾಯಿತು. ಆ ಓಟದಲ್ಲಿ ಓಡುವ ಕುದುರೆಗಳನ್ನು ನಮ್ಮ ಬೆಂಗಳೂರಿನ ರೇಸ್ ಪ್ರಿಯರಿಗೆ ತೋರಿಸಿದರೆ ಥರೋಬ್ರೆಡ್ ಅಂತಲೇ ಅಂದುಕೊಳ್ಳುತ್ತಾರೆ, ತೊಡೆ ಮಾತ್ರ ಸ್ವಲ್ಪ ಜಾಸ್ತಿ ಅನ್ನಬಹುದು. 400 ಮೀಟರ್‌ಗೆ 21 ಸೆಕೆಂಡಿನ ಆಸುಪಾಸು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಇನ್ನು ಪ್ರದರ್ಶನದಲ್ಲಿ ಸವಾರನನ್ನು ಹೊತ್ತು ನಡಿಗೆ ತೋರಿಸುವ ಪ್ಲೆಷರ್, ಹಂಟರ್ ವಿಭಾಗದವು. ಐದಡಿ ನಾಲ್ಕಿಂಚು, ಅದಕ್ಕೂ ಮೇಲೆ ಎತ್ತರ, ಉದ್ದ ಕಾಲು, ಚಪ್ಪಟೆ ನಡಿಗೆ. ಒಂದು ಕಾಲದಲ್ಲಿ ತಲೆ ನೆಲಕ್ಕೆ ತಾಗುವ ಹಾಗೆ ಇಳಿಸಿ ತೆವಳಿದಂತೆ ನಡೆಸುವುದೇ ಫ್ಯಾಷನ್ ಆಗಿತ್ತು. ನಿಯಮ ತಂದು ತಿದ್ದಬೇಕಾಯಿತು. ಈಗ ಸುಧಾರಿಸಿದೆ, ಆದರೂ ಅಷ್ಟು ನಿಧಾನದ ಓಟವನ್ನು ನೋಡುವಾಗ ಕುದುರೆಯ ಮನಸ್ಸು ಎಲ್ಲಿದೆ ಅಂತ ನನಗೆ ಕಸಿವಿಸಿಯಾಗುತ್ತದೆ.

ನನ್ನ ನಿಜವಾದ ಸಿಟ್ಟು ಇರುವುದು ಹಾಲ್ಟರ್ ವಿಭಾಗದ ಮೇಲೆ. ಹಾಲ್ಟರ್ ಅಂದರೆ ಕುದುರೆಗೆ ಬರೀ ಮುಖಕ್ಕೆ ಪಟ್ಟಿ ಕಟ್ಟಿ ತಂದು ನಿಲ್ಲಿಸುವುದು. ಜೀನು ಇಲ್ಲ, ಸವಾರ ಇಲ್ಲ. ನಿಲ್ಲಿಸಿ ಮೈ ತೋರಿಸುವುದು, ಸ್ವಲ್ಪ ನಡೆಸಿ ಓಡಿಸುವುದು, ಅಷ್ಟೇ. ಸಂಘದ ನಿಯಮ ಪುಸ್ತಕದಲ್ಲಿ ಎಲ್ಲಕ್ಕಿಂತ ಮುಖ್ಯ ಸಮತೋಲ ಅಂತ ಬರೆದಿದೆ. ಅಂಗಗಳು ಸರಿಯಾಗಿರಬೇಕು ಅಂತಲೂ ಇದೆ. ಓದಲು ಚೆನ್ನಾಗಿದೆ. ಅಖಾಡದಲ್ಲಿ ಗೆಲ್ಲುತ್ತಾ ಬಂದದ್ದು ಮಾಂಸ. ಇನ್ನೂ ದಪ್ಪ ತೊಡೆ, ಇನ್ನೂ ಉಬ್ಬಿದ ಎದೆ, 600 ಕಿಲೋ ದಾಟಿದ ಮೈ. ಕೆಳಗೆ ನೋಡಿದರೆ ಅದೇ ಸಣ್ಣ ಕಾಲು.

ಇಂಪ್ರೆಸಿವ್ ಬರುವುದು ಇಲ್ಲಿ. 1969ರಲ್ಲಿ ಹುಟ್ಟಿದ, 1974ರಲ್ಲಿ ಹಾಲ್ಟರ್ ವಿಶ್ವ ಚಾಂಪಿಯನ್ ಆದ. ಫೋಟೋ ನೋಡಿದರೆ ಈಗಲೂ ಕಣ್ಣು ಅಲ್ಲೇ ನಿಲ್ಲುತ್ತದೆ. ಅಷ್ಟು ಚೆಂದದ ಮೈ. ಎಲ್ಲರಿಗೂ ಅವನ ಮರಿಯೇ ಬೇಕಾಯಿತು. ಎರಡು ಸಾವಿರಕ್ಕೂ ಹೆಚ್ಚು ಮರಿಗಳಾದವು. ಆ ಮರಿಗಳೂ ಗೆದ್ದವು, ಅವುಗಳ ಮರಿಗಳೂ ಗೆದ್ದವು. ಆಮೇಲೆ ಅಲ್ಲಿ ಇಲ್ಲಿ ಕುದುರೆಗಳು ಇದ್ದಕ್ಕಿದ್ದ ಹಾಗೆ ನಡುಗುವುದು, ಹಿಂಗಾಲು ಕುಸಿದು ನಾಯಿ ಕೂತ ಹಾಗೆ ಕೂರುವುದು, ನೆಲಕ್ಕೆ ಬೀಳುವುದು ಶುರುವಾಯಿತು. ಕೆಲವು ಸತ್ತೇ ಹೋದವು. ಹುಡುಕುತ್ತಾ ಹೋದರೆ ಎಲ್ಲ ಎಳೆಗಳೂ ಇಂಪ್ರೆಸಿವ್ ಹತ್ತಿರ ಬಂದು ಸೇರುತ್ತಿದ್ದವು.

ಕಾಯಿಲೆಯ ಹೆಸರು ಎಚ್‌ವೈಪಿಪಿ. ಸ್ನಾಯುವಿನ ಜೀವಕೋಶಗಳಲ್ಲಿ ಸೋಡಿಯಂ ಒಳಗೆ ಬರುವ ಸಣ್ಣ ಬಾಗಿಲುಗಳಿರುತ್ತವೆ. ತೆರೆದು ತಕ್ಷಣ ಮುಚ್ಚಬೇಕು. ಈ ಕುದುರೆಗಳಲ್ಲಿ ಒಂದು ಜೀನ್‌ನ ದೋಷದಿಂದ ಸರಿಯಾಗಿ ಮುಚ್ಚುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಸ್ನಾಯು ತನ್ನಷ್ಟಕ್ಕೆ ತಾನೇ ಸೆಳೆಯುತ್ತಲೇ ಇರುತ್ತದೆ. ಸುಮ್ನೆ ನಿಂತಿದ್ದರೂ ಸ್ನಾಯುವಿಗೆ ಬಿಡುವಿಲ್ಲ. ಮಾಂಸ ಅಷ್ಟು ತುಂಬಿಕೊಳ್ಳಲು ಇದೂ ಒಂದು ಕಾರಣ ಅಂತ ತಿಳಿದವರು ಹೇಳುತ್ತಾರೆ. ಯೋಚನೆ ಮಾಡಿ. ತೀರ್ಪುಗಾರರು ಚೆಂದ ಅಂತ ಬಹುಮಾನ ಕೊಟ್ಟ ಮೈಯ ಒಂದು ಪಾಲು ಕಾಯಿಲೆಯದೇ ಆಗಿತ್ತು. ಜೋಡಿ ಜೀನ್‌ಗಳಲ್ಲಿ ಒಂದು ಕೆಟ್ಟಿದ್ದರೂ ಸಾಕು, ಕಾಯಿಲೆ ಬರಬಹುದು. ಅಂಥ ಕುದುರೆಗೆ ಆಲ್ಫಾಲ್ಫಾ ಹುಲ್ಲು, ಕಾಕಂಬಿ ಹಾಕುವ ಹಾಗಿಲ್ಲ, ಪೊಟ್ಯಾಸಿಯಂ ಜಾಸ್ತಿ.

1992ರಲ್ಲೇ ಜೀನ್ ಪರೀಕ್ಷೆ ಬಂತು. ಆದರೆ ಎರಡೂ ಜೀನ್ ಕೆಟ್ಟಿರುವ ಮರಿಗಳನ್ನು ನೋಂದಣಿ ಮಾಡುವುದಿಲ್ಲ ಅಂತ ಸಂಘ ನಿಯಮ ಜಾರಿ ಮಾಡಿದ್ದು 2007ರಿಂದ ಹುಟ್ಟಿದ ಮರಿಗಳಿಗೆ. ನಡುವೆ 15 ವರ್ಷ. ಒಂದು ಜೀನ್ ಕೆಟ್ಟಿರುವ ಮರಿಗೆ ಈಗಲೂ ಪೇಪರ್ ಸಿಗುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಹೆದರಿಕೆಯಾದರೂ ಹೇಳಲು ಬಾಯಿ ಇಲ್ಲದ ಪ್ರಾಣಿ ಅದು. ಬಹುಮಾನಕ್ಕಾಗಿ ಅದರ ಮೈಯೊಳಗೆ ಅಂಥ ಸಂಕಟ ಇಡುವುದನ್ನು ಯಾವ ವ್ಯಾಪಾರದ ಲೆಕ್ಕವೂ ಸರಿ ಮಾಡುವುದಿಲ್ಲ.

ಈಗ ಕಾಲಿನ ವಿಷಯ. ನಮ್ಮ ಲಾಯಕ್ಕೆ ಲಾಳ ಕಟ್ಟಲು ಬರುವ ಹಿರಿಯರೊಬ್ಬರಿದ್ದಾರೆ. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಲ್ಲುವುದು ನನಗೆ ಇಷ್ಟ. ಒಂದು ದಿನ ನಮ್ಮ ಹೆಣ್ಣು ಕುದುರೆಯದ್ದು ಮುಗಿಸಿ ಪಕ್ಕದ ಲಾಯದ ಕುದುರೆಯ ಮುಂಗಾಲು ಎತ್ತಿಕೊಂಡರು. ಹಾಲ್ಟರ್ ವಂಶದ್ದು, ಬೀಜ ಒಡೆಸಿದ ಗಂಡು, ನಮ್ಮದಕ್ಕಿಂತ ಎಷ್ಟೋ ಭಾರ. ಗೊರಸು ನೋಡಿದರೆ ನಮ್ಮದಕ್ಕಿಂತ ಚಿಕ್ಕದು. ಹಿಮ್ಮಡಿಯ ಕಡೆ ಎರಡೂ ಬದಿ ಒಳಗೆ ಮಡಚಿಕೊಂಡು ಇಕ್ಕಟ್ಟಾಗಿತ್ತು. ಲಾಳ ತಂದು ಇಟ್ಟು ನೋಡಿದರು, ದೊಡ್ಡದಾಯಿತು. ಗಾಡಿಗೆ ಹೋಗಿ ಇನ್ನೊಂದು ಸಣ್ಣದು ತಂದರು. ಆ ಕಾಲನ್ನು ಹಿಡಿದುಕೊಂಡಿದ್ದ ಅಷ್ಟೂ ಹೊತ್ತು ಕುದುರೆ ಇನ್ನೊಂದು ಮುಂಗಾಲಿನ ಮೇಲೆ ಭಾರ ಬಿಡಲಾಗದೆ ತೂಗಾಡುತ್ತಿತ್ತು. ಕಾಲು ಕೆಳಗಿಟ್ಟು, ಬೆವರು ಒರೆಸಿಕೊಂಡು, "ಇದಕ್ಕೆ ನಾನು ಎಷ್ಟೇ ಚೆನ್ನಾಗಿ ಕಟ್ಟಿದರೂ ನೋವು ಹೋಗಲ್ಲ. ಇದರ ಅಮ್ಮನನ್ನು ಆರಿಸುವಾಗಲೇ ಯಾರಾದರೂ ಕಾಲು ನೋಡಬೇಕಿತ್ತು" ಅಂದರು.

ಕುದುರೆಯ ಭಾರದಲ್ಲಿ ಸುಮಾರು ಶೇಕಡ 60 ಮುಂಗಾಲುಗಳ ಮೇಲೆ ಬೀಳುತ್ತದೆ. ಗೊರಸಿನೊಳಗೆ ಹಿಂಬದಿಯಲ್ಲಿ ದೋಣಿಯ ಆಕಾರದ ಒಂದು ಪುಟ್ಟ ಮೂಳೆ ಇದೆ, ನವಿಕ್ಯುಲರ್ ಅಂತ. ಅದರ ಸುತ್ತ ಬರುವ ನೋವಿನ ಕಾಯಿಲೆ ಕ್ವಾರ್ಟರ್ ಹಾರ್ಸ್‌ಗಳಲ್ಲಿ ಜಾಸ್ತಿ. ದೊಡ್ಡ ಮೈ, ಚಿಕ್ಕ ಗೊರಸು ಅನ್ನುವುದು ಅದಕ್ಕೆ ಹೇಳುವ ಮುಖ್ಯ ಕಾರಣಗಳಲ್ಲಿ ಒಂದು. ಹಿಂಗಾಲು ಕೂಡ ನೋಡಿ. ಪಕ್ಕದಿಂದ ನೋಡಿದಾಗ ಹಿಂಗಾಲಿಗೆ ಒಂದು ಹದವಾದ ಬಾಗು ಇರಬೇಕು. ನೆಗೆತದ ಶಕ್ತಿ, ಪೆಟ್ಟು ತಡೆಯುವ ಗುಣ ಎರಡೂ ಅಲ್ಲಿಂದ ಬರುವುದು. ಎಷ್ಟೋ ಹಾಲ್ಟರ್ ಕುದುರೆಗಳ ಹಿಂಗಾಲು ಕಂಬ ನೆಟ್ಟ ಹಾಗೆ ನೇರ. ನಿಂತಾಗ ಎತ್ತರವಾಗಿ ಕಾಣುತ್ತದೆ. ಓಡಿಸಿದರೆ ಕೀಲು ಬೇಗ ಸವೆಯುತ್ತದೆ.

ನಮ್ಮ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತರು ಏನು ಮಾಡುತ್ತಾರೆ ನೋಡಿ. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಗೊರಸು ನೋಡುತ್ತಾರೆ, ಆಮೇಲೆ "ನಡೆಸಿ ತೋರ್ಸಪ್ಪ" ಅನ್ನುತ್ತಾರೆ. ಎಷ್ಟೇ ಮೈತುಂಬಿಕೊಂಡಿರಲಿ, ನಡಿಗೆ ಸರಿಯಿಲ್ಲ ಅಂದರೆ ಕೈ ಮೇಲಿನ ಟವೆಲ್ ಕೊಡವಿ ಮುಂದೆ ಹೋಗುತ್ತಾರೆ. ಹಾಲ್ಟರ್ ಅಖಾಡದಲ್ಲಿ ನಾನು ಕಾಣದೇ ಇರುವುದು ಆ ಟವೆಲ್ ಕೊಡವುವ ಧೈರ್ಯ.

ಇಷ್ಟು ಓದಿ ಹಳೇ ಮಾದರಿಯ ಗೆಳೆಯರು ಚಪ್ಪಾಳೆ ತಟ್ಟಬಹುದು. ಸ್ವಲ್ಪ ತಡೀರಿ. ಹಳೇ ರಕ್ತ ಅಂದಾಕ್ಷಣ ಎಲ್ಲ ಚಿನ್ನ ಅಲ್ಲ. ಪೋಕೋ ಬ್ಯೂನೋ ಹೆಸರು ನಿಮಗೆಲ್ಲ ಗೊತ್ತು. 1944ರಲ್ಲಿ ಹುಟ್ಟಿದ, ಕಿಂಗ್ ಪಿ-234ರ ಮಗ, ವ್ಯಾಗನರ್ ರಾಂಚ್‌ನ ಹೆಮ್ಮೆ. 1969ರಲ್ಲಿ ಸತ್ತಾಗ ಯಜಮಾನರ ಉಯಿಲಿನ ಪ್ರಕಾರ ಅವನನ್ನು ನಿಂತ ಭಂಗಿಯಲ್ಲೇ ಹೂತರು. ವರ್ನನ್ ಊರಿನ ದಕ್ಷಿಣಕ್ಕೆ ಇವತ್ತಿಗೂ ದೊಡ್ಡ ಕಲ್ಲು ನಿಂತಿದೆ. ಹಳೇ ಮಾದರಿಗೆ ಅವನಿಗಿಂತ ದೊಡ್ಡ ಹೆಸರು ಬೇಕಾ? ಹೆರ್ಡಾ ಅನ್ನುವ ಚರ್ಮದ ಕಾಯಿಲೆಯ ಜಾಡು ಹಿಡಿದರೆ ಹೋಗಿ ಸೇರುವುದು ಅವನ ವಂಶಕ್ಕೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬಂದರೆ ಮರಿ ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಎರಡು ವರ್ಷಕ್ಕೆ ಬೆನ್ನ ಮೇಲೆ ಜೀನು ಹಾಕಿ ಸವಾರಿ ಶುರು ಮಾಡಿದಾಗ ಬೆನ್ನಿನ ಚರ್ಮ ಸಡಿಲವಾಗಿ ಕಿತ್ತು ಬರುತ್ತದೆ, ಗಾಯ ಮಾಯುವುದಿಲ್ಲ. ಚಾಂಪಿಯನ್‌ನ ರಕ್ತ ಒತ್ತಾಗಿ ಬರಲಿ ಅಂತ ಹತ್ತಿರದ ಸಂಬಂಧದಲ್ಲೇ ಕೂಡಿಸಿದ ಫಲ ಅದು. ಇಂಪ್ರೆಸಿವ್ ವಿಷಯದಲ್ಲಿ ಹಾಲ್ಟರ್‌ನವರು ಮಾಡಿದ್ದೂ ಇದನ್ನೇ.

ಇನ್ನು ಶುದ್ಧ ರಕ್ತದ ಮಾತು. ಹಗ್ಗದ ಕೆಲಸದವರು ದೇವರ ಹಾಗೆ ಕಾಣುವ ಜೋ ಹ್ಯಾಂಕಾಕ್‌ನ ತಾಯಿಯ ಮೈಯಲ್ಲಿ ಪರ್ಶೆರಾನ್ ರಕ್ತ ಇತ್ತು. ಅಂದರೆ ಭಾರದ ಗಾಡಿ ಎಳೆಯುವ ಕುದುರೆಯ ರಕ್ತ. ಅವನ ಸಂತತಿಯ ದಪ್ಪ ಮೂಳೆ, ದೊಡ್ಡ ಗೊರಸು ಅಲ್ಲಿಂದಲೇ ಬಂದಿರಬೇಕು ಅಂತ ಎಲ್ಲರೂ ನಂಬುತ್ತಾರೆ. ಆಗಿನ ರಾಂಚ್‌ನವರು ಶೇಕಡ ಎಷ್ಟು ಶುದ್ಧ ಅಂತ ಲೆಕ್ಕ ಹಾಕುತ್ತಾ ಕೂರಲಿಲ್ಲ. ಕೆಲಸಕ್ಕೆ ಬಂದದ್ದನ್ನು ಉಳಿಸಿಕೊಂಡರು. ಈಗ ಕೆಲವರು ಫೌಂಡೇಷನ್ ರಕ್ತ, ಅಂದರೆ ತಳಿಯ ಮೊದಮೊದಲ ಕುದುರೆಗಳ ರಕ್ತ, ಶೇಕಡ 90 ಅಂತ ಜಾಹೀರಾತು ಹಾಕಿ, ಸವಾರಿಯನ್ನೇ ಕಾಣದ ಗಂಡು ಕುದುರೆಯಿಂದ ವರ್ಷ ವರ್ಷ ಮರಿ ಮಾಡಿಸುತ್ತಾರೆ. ಅದೂ ಹಾಲ್ಟರ್‌ನ ರೋಗವೇ, ಬರೀ ಪೇಪರ್ ಮೇಲಿನದು.

ಒಳ್ಳೆಯ ಬೆಳವಣಿಗೆಗಳೂ ಇವೆ. ಸವಾರಿ ಸ್ಪರ್ಧೆಯಲ್ಲಿ ಅಂಕ ಗಳಿಸಿದ ಕುದುರೆಗಳಿಗೆ ಮಾತ್ರ ಅಂತ ಪರ್ಫಾರ್ಮೆನ್ಸ್ ಹಾಲ್ಟರ್ ವಿಭಾಗ ಬಂದಿದೆ. ರಾಂಚ್ ಕೆಲಸದ ಕುದುರೆಯ ನಡೆ ನೋಡುವ ರಾಂಚ್ ರೈಡಿಂಗ್ ಸ್ಪರ್ಧೆಗೆ ಜನ ಮುಗಿಬೀಳುತ್ತಿದ್ದಾರೆ. ಟೆಕ್ಸಸ್‌ನ ಗತ್ರಿ ಊರಿನ ಫೋರ್ ಸಿಕ್ಸಸ್‌ನಂಥ ದೊಡ್ಡ ರಾಂಚ್‌ಗಳು ಕೆಲಸದ ಕುದುರೆಯನ್ನು ಬಿಟ್ಟುಕೊಟ್ಟೇ ಇಲ್ಲ. ಅಲ್ಲಿ ಈಗಲೂ ನೀವು ಐದಡಿಯ, ಅಗಲ ಎದೆಯ, ನಿದ್ದೆಗಣ್ಣಿನ ಕುದುರೆಗಳನ್ನು ನೋಡಬಹುದು. ನನ್ನ ಕೇಳಿದರೆ ಎಲ್ಲ ಹಾಲ್ಟರ್ ಬಹುಮಾನಕ್ಕೂ ಇದೇ ಷರತ್ತು ಇರಬೇಕು. ಮೊದಲು ಜೀನು ಹಾಕಿ ಕೆಲಸ ಮಾಡಿ ತೋರಿಸಲಿ, ಆಮೇಲೆ ಚೆಂದದ ಮಾತು. ಅದೂ ಎರಡು ವರ್ಷದ ಮರಿಗಲ್ಲ, ಮೈ ಬಲಿತ ಮೇಲೆ.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆಯ ಕನ್ನಡದವರು ಮಕ್ಕಳಿಗೆ ಕುದುರೆ ಕೊಡಿಸಬೇಕು, ಯಾವ ಮಾದರಿ ಒಳ್ಳೆಯದು ಅಂತ ನನ್ನ ಕೇಳುತ್ತಿರುತ್ತಾರೆ. ಫೋಟೋ ಕಳಿಸಿ ಇದು ಹಳೇದಾ ಹೊಸದಾ ಅಂತಾರೆ. ಅವರಿಗೆಲ್ಲ ನನ್ನ ಉತ್ತರ ಇದು. ಮೊದಲು ನಾಲ್ಕೂ ಗೊರಸಿನ ಫೋಟೋ ಕೇಳಿ, ಮಣ್ಣು ಕೆರೆದು ಅಡಿಯಿಂದಲೂ ತೆಗೆದದ್ದು. ಮೊಣಕಾಲಿನ ಕೆಳಗಿನ ಮೂಳೆ ಮೈಗೆ ತಕ್ಕಷ್ಟು ದಪ್ಪ ಇದೆಯಾ ನೋಡಿ. ಗಟ್ಟಿ ನೆಲದ ಮೇಲೆ ನಡೆಸಿ ತೋರಿಸಲು ಹೇಳಿ, ಬರೀ ಮೆತ್ತನೆ ಮರಳಿನಲ್ಲಿ ಅಲ್ಲ. ಆಮೇಲೆ ಸಿಕ್ಸ್ ಪ್ಯಾನೆಲ್ ಪರೀಕ್ಷೆಯ ಫಲಿತಾಂಶ ಕೇಳಿ. ಎಚ್‌ವೈಪಿಪಿ, ಹೆರ್ಡಾ ಸೇರಿ ಆರು ಕಾಯಿಲೆಗಳ ವಿಷಯ ಅದರಲ್ಲಿ ಇರುತ್ತದೆ. ಕೇಸರದ ಕೂದಲು ಒಂದಿಷ್ಟು ಬೇರು ಸಮೇತ ಕಿತ್ತು ಲ್ಯಾಬ್‌ಗೆ ಕಳಿಸಿದರೆ ಆಯಿತು, ರಕ್ತ ಕೂಡ ತೆಗೆಯಬೇಕಿಲ್ಲ. ಮಾರುವವರು ಮಾಡಿಸಿಲ್ಲ ಅಂದರೆ ಖರ್ಚು ನಾವೇ ಕೊಡುತ್ತೇವೆ, ಕೂದಲು ಕೊಡಿ ಅನ್ನಿ. ಅದಕ್ಕೂ ಒಪ್ಪದಿದ್ದರೆ ಕುದುರೆ ಎಷ್ಟೇ ಚೆಂದ ಇರಲಿ, ಚೆಕ್ ಬರೆಯಬೇಡಿ. ಗೊರಸಿನ ಫೋಟೋ ನೋಡಿ ಗೊತ್ತಾಗದಿದ್ದರೆ ನನಗೆ ಕಳಿಸಿ, ನಮ್ಮ ಲಾಳದವರಿಗೆ ತೋರಿಸಿ ಕೇಳಿ ಹೇಳುತ್ತೇನೆ.